ಮುತ್ಯಾನ ಅಪ್ಪನ ಹೆಸರು

1

ಹೋದ ಮಳೆಗಾಲದಲ್ಲಿ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಬಾಡಿಗೆ ರೂಮು ಹುಡುಕುತ್ತ ತಿರುಗುತ್ತಿದ್ದೆ. ಒಂದು ಮನೆಯಲ್ಲಿ ಒಳಗೆ ಕರೆದು ಕೂಡ್ರಿಸಿ ನೀರು ಕೊಟ್ಟರು. ಪಡಸಾಲೆಯ ಗೋಡೆಯ ಮೇಲೆ ಸಾಲಾಗಿ ಫೋಟೋಗಳಿದ್ದವು. ರುಮಾಲು ಸುತ್ತಿದ ಮುದುಕರು, ನತ್ತು ಇಟ್ಟ ಮುದುಕಿಯರು, ಎಲ್ಲರಿಗೂ ಗಂಧದ ಹಾರ. ಯಜಮಾನರು ಒಂದೊಂದೇ ತೋರಿಸಿ, ಇವರು ನಮ್ಮಜ್ಜ, ಇವರು ಅಜ್ಜನ ಅಪ್ಪ, ಇವರ ಅಪ್ಪ ಮೊದಲು ಈ ಕಡೆ ಬಂದವರು ಎಂದು ಐದು ತಲೆ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಯಾರ ಪೈಕಿ?" ಎಂದರು. ಊರು ಹೇಳಿದೆ. "ಅಡ್ಡಹೆಸರು?" ಊರಿನ ಹೆಸರೇ ಅಡ್ಡಹೆಸರು ಎಂದೆ. "ಅಜ್ಜನ ಹೆಸರು?" ಮುತ್ಯಾನ ಹೆಸರು ಹೇಳಿದೆ. ಆ ಹೆಸರಿನ ಕೊನೆಗೆ 'ಪ್ಪ' ಇರಲಿಲ್ಲ, 'ಯಾ' ಇತ್ತು. ಅಷ್ಟು ಸಾಕಾಯಿತು. ರೂಮು ನಿನ್ನೆಯೇ ಹೋಯಿತು ಎಂದರು. ನಾನು ಕುಡಿದಿಟ್ಟ ಗ್ಲಾಸು ಎತ್ತಲು ಯಾರೂ ಬರಲಿಲ್ಲ.

ಇದು ನಮಗೆ ಹೊಸದಲ್ಲ. ಈ ಪತ್ರಿಕೆ ಓದುವ ಬಹಳ ಮಂದಿಗೆ ಇಂಥ ಒಂದು ಪಡಸಾಲೆ ನೆನಪಿರುತ್ತದೆ. ಖೂಬಾ ಅನ್ನೋದು ನಮ್ಮ ಸೀಮೆಯ ಒಂದು ಅಡ್ಡಹೆಸರು. ಇಲ್ಲಿ ಬಡಾವಣೆಗೂ ಅಡ್ಡಹೆಸರು ಇದೆ, ನನಗಿಲ್ಲ ಎಂದು ಮನಸ್ಸಿನಲ್ಲೇ ನಕ್ಕು ರಸ್ತೆಗೆ ಬಂದೆ. ಆದರೆ ಅವತ್ತು ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಕೈತಪ್ಪಿದ ರೂಮಲ್ಲ. ಆ ಯಜಮಾನರು ಇನ್ನೊಂದು ಪ್ರಶ್ನೆ ಕೇಳಿದ್ದರೆ, ಮುತ್ಯಾನ ಅಪ್ಪ ಯಾರು ಅಂತ ಕೇಳಿದ್ದರೆ, ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಗೋಡೆಯ ಮೇಲೆ ಐದು ತಲೆ. ನನ್ನ ತಲೆಯೊಳಗೆ ಎರಡು. ಅವರು ಮಾಡಿದ ಅವಮಾನ ಅವರದು, ಅದನ್ನು ಅವರಿಗೇ ಬಿಟ್ಟು ಬರಬಹುದು. ಈ ಅಜ್ಞಾನ ನನ್ನದು. ಇದನ್ನು ಎಲ್ಲಿ ಬಿಡಲಿ?

ಹಿರಿಯರ ಹೆಸರು ಗೊತ್ತಿಲ್ಲದಿದ್ದರೆ ಮನುಷ್ಯನಿಗೆ ಆಗುವ ನಷ್ಟ ಏನು? ಹುಟ್ಟನ್ನೇ ಅಳತೆಗೋಲು ಮಾಡಿಕೊಂಡ ದೇಶ ಇದು. ಆ ಕೋಲಿನಿಂದಲೇ ಏಟು ತಿಂದ ನಾವು ಮತ್ತೆ ವಂಶ ಹುಡುಕಿಕೊಂಡು ಹೋಗೋದು ಸರಿಯೇ? ಅದು ಬಿಡುಗಡೆಯೋ, ಅದೇ ಹಳೆಯ ಬಲೆಯೋ? ಇದು ನನ್ನೊಬ್ಬನ ಪ್ರಶ್ನೆ ಅಲ್ಲ ಅಂದುಕೊಂಡು ಗೆಳೆಯರ ಮುಂದೆ ಇಡುತ್ತಿದ್ದೇನೆ.

2

ನಮ್ಮ ಊರು ಕಮಲಾಪುರದ ಸೀಮೆಯಲ್ಲಿದೆ. ಕೆಂಪು ಬಾಳೆಗೆ ಹೆಸರಾದ ನೆಲ. ಈ ಬಾಳೆಗೆ ಸರಕಾರದಿಂದ ಭೌಗೋಳಿಕ ಗುರುತಿನ ಪತ್ರ ಸಿಕ್ಕಿದೆ. ಈ ಹಣ್ಣು ಈ ಮಣ್ಣಿನದು, ಬೇರೆಯವರು ಇದರ ಹೆಸರು ಹೇಳಿ ಮಾರುವಂತಿಲ್ಲ ಎಂದು ಅದರ ಅರ್ಥ. ಬಾಳೆಹಣ್ಣಿಗೆ ತನ್ನ ಮೂಲ ಹೇಳುವ ಕಾಗದ ಇದೆ. ತೋಟಕ್ಕೆ ನೀರೆತ್ತಲು ತೊಗಲಿನ ಕಪಿಲೆ ಹೊಲಿದುಕೊಟ್ಟವರಿಗೆ ಇಲ್ಲ.

ನಾವು ಮಾದಿಗರು. ಮುತ್ಯಾ ತೊಗಲು ಹದ ಮಾಡುತ್ತಿದ್ದ. ಮಿಣಿ, ಬಾರುಕೋಲು, ಕೆರ ಮಾಡಿಕೊಡುತ್ತಿದ್ದ. ಊರಿನ ಹಬ್ಬಕ್ಕೆ, ಊರಿನ ಸಾವಿಗೆ ಹಲಗೆ ಬಾರಿಸುತ್ತಿದ್ದ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಆಯದ ಜೋಳ ಸೆರಗಿಗೆ, ಚೀಲಕ್ಕೆ ಬೀಳುತ್ತಿತ್ತು. ಅಪ್ಪ ನಾಲ್ಕನೇತ್ತೆ ತನಕ ಓದಿ ಕಲಬುರಗಿಯ ಗಂಜಿಗೆ ಹಮಾಲಿಗೆ ಬಂದ. ನಾನು ಆ ಮನೆಯ ಮೊದಲ ಬಿ.ಎ.

ಹುಡುಕಾಟ ಅಪ್ಪನ ಶಾಲೆಯ ದಾಖಲಾತಿ ಪುಸ್ತಕದಿಂದ ಸುರುವಾಯಿತು. ಅದರಲ್ಲಿ ಅಪ್ಪ ಹುಟ್ಟಿದ ದಿನ ಜೂನ್ 1. ಕೇರಿಯಲ್ಲಿ ಅಪ್ಪನ ಓರಗೆಯ ಬಹಳ ಮಂದಿ ಜೂನ್ 1ಕ್ಕೇ ಹುಟ್ಟಿದವರು. ಶಾಲೆಗೆ ಸೇರಿಸುವ ದಿನಗಳ ಲೆಕ್ಕ ಹಿಡಿದು ಮಾಸ್ತರರು ಒಂದು ತಾರೀಖು ಕೊಟ್ಟಿದ್ದಾರೆ. ಅವರನ್ನು ಬಯ್ಯುವಂತಿಲ್ಲ. ಹುಟ್ಟು ಸಾವು ಬರೆಸಲು ಇಡೀ ದೇಶಕ್ಕೆ ಒಂದು ಕಾಯಿದೆ ಬಂದದ್ದೇ 1969ರಲ್ಲಿ. ಕೇಳಿದರೆ ಅವ್ವಂದಿರು ಏನು ಹೇಳಿಯಾರು? "ದೊಡ್ಡ ಬರಗಾಲ ಬಿತ್ತಲ್ರಿ, ಅದರ ಮುಂದಿನ ವರ್ಷ." ಬರಗಾಲಕ್ಕೆ ಪುಸ್ತಕದಲ್ಲಿ ಜಾಗ ಇಲ್ಲ. ಮಗುವಿನ ಹೆಸರು, ಅಪ್ಪನ ಹೆಸರು, ಜಾತಿ. ಅವ್ವನ ಹೆಸರಿಗೆ ಆ ಪುಸ್ತಕದಲ್ಲಿ ಮನೆಯೇ ಹಾಕಿರಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋದರೆ ನಿಜಾಮನ ಕಾಲ. 1948ರ ಸೆಪ್ಟೆಂಬರ್ ತನಕ ನಮ್ಮ ಸೀಮೆ ಹೈದರಾಬಾದ್ ಸಂಸ್ಥಾನದ ಕೈಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಕಂದಾಯದ ಕಾಗದಗಳೆಲ್ಲ ಉರ್ದುವಿನಲ್ಲಿ. ನಾನು ಒಂದು ಕಚೇರಿಗೆ ಹೋಗಿ ಮುತ್ಯಾನ ಅಪ್ಪನ ಹೆಸರು ಬೇಕಾಗಿತ್ತು ಎಂದೆ. ಮೇಜಿನ ಹಿಂದಿದ್ದವರು, "ಸರ್ವೆ ನಂಬರ್ ಎಷ್ಟು?" ಎಂದರು. "ಹೊಲ ಇಲ್ರಿ. ಬರೀ ಹೆಸರು ಬೇಕಾಗಿತ್ತು" ಎಂದೆ. ಅವರು ನಕ್ಕರು. "ಹೊಲ ಇಲ್ಲಂದ್ರ ಹೆಸರು ಎಲ್ಲಿಂದ ಬರ್ತದ ತಮ್ಮಾ?" ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ದಫ್ತರಗಳು ಮನುಷ್ಯರ ಲೆಕ್ಕ ಇಡಲಿಕ್ಕೆ ಹುಟ್ಟಿದವಲ್ಲ. ಯಾರಿಂದ ಎಷ್ಟು ವಸೂಲಿ ಮಾಡಬೇಕು ಅನ್ನೋ ಲೆಕ್ಕ ಅದು. ವಸೂಲಿ ಮಾಡಲು ನೆಲ ಇಲ್ಲದವನ ಹೆಸರು ಸರಕಾರಕ್ಕೆ ಬೇಕಾಗಿರಲಿಲ್ಲ. ಅವನಿಂದ ಬೇಕಾಗಿದ್ದು ಬಿಟ್ಟಿ. ಬಿಟ್ಟಿಗೆ ರಸೀದಿ ಇರೋದಿಲ್ಲ.

ಕಾಗದ ಬಿಟ್ಟು ಬಾಯಿಮಾತಿನ ಕಡೆ ಹೊರಳಿದೆ. ನಮ್ಮ ನಾಡಿನಲ್ಲಿ ಹೆಳವರು ಇದ್ದಾರೆ. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಒಕ್ಕಲು ಮನೆಗಳ ಮುಂದೆ ನಿಂತು ಇಂಥವನ ಮಗ ಇಂಥವನು, ಇಂಥ ಊರಿಂದ ಇಂಥ ಊರಿಗೆ ಬಂದರು ಎಂದು ತಲೆತಲೆಮಾರಿನ ವಂಶಾವಳಿ ಹೇಳಿ ಕಾಳು, ಬಟ್ಟೆ, ರೊಕ್ಕ ಪಡೆಯುತ್ತಿದ್ದರು. ಅವರ ಹತ್ತಿರ ಬರೆದಿಟ್ಟ ಪುಸ್ತಕಗಳೂ ಇರುತ್ತವೆ. ಹೊಟ್ಟೆಪಾಡಿಗೆ ಅಲೆಯುವ ಬಡವರೇ ಅವರು. ಆದರೆ ನಮ್ಮೂರಲ್ಲಿ ಅವರ ಎತ್ತು ಗೌಡರ ವಾಡೆಯ ತನಕ ಬಂದು ತಿರುಗಿ ಹೋಗುತ್ತಿತ್ತು. ಕೇರಿಯ ದಾರಿ ಅದಕ್ಕೆ ಗೊತ್ತಿರಲಿಲ್ಲ.

ಹಾಗಾದರೆ ನಮಗೆ ಯಾರೂ ಇರಲಿಲ್ಲವೇ? ಇದ್ದರು. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ, ಆದರೂ ಬರೆಯಬೇಕು. ಮಾದಿಗರ ಕುಲದ ಕತೆ ಹೇಳುವವರು ಡಕ್ಕಲಿಗರು. ಮಾದಿಗರ ಹಳೆಮಕ್ಕಳು ಅನ್ನುತ್ತಾರೆ. ಜಾಂಬವನಿಂದ ಹಿಡಿದು ಕತೆ ಹೇಳುತ್ತಾರೆ, ಮಾದಿಗರಲ್ಲಿ ಬೇಡಿ ಉಣ್ಣುತ್ತಾರೆ. ಆ ಡಕ್ಕಲಿಗರನ್ನು ನಮ್ಮ ಹಿರಿಯರು ಕೇರಿಯೊಳಗೆ ಬಿಟ್ಟುಕೊಂಡವರಲ್ಲ. ಊರಿನ ಹೊರಗೆ ನಮ್ಮ ಕೇರಿ, ನಮ್ಮ ಕೇರಿಯ ಹೊರಗೆ ಅವರ ಗುಡಾರ. ನಮ್ಮ ಹಿರಿಯರ ಹೆಸರನ್ನು ನಾಲಗೆಯ ಮೇಲೆ ಇಟ್ಟುಕೊಂಡು ಕಾಯ್ದವರನ್ನು ನಾವೇ ಮುಟ್ಟಲಿಲ್ಲ. ಅವರು ನಮ್ಮೂರಿಗೆ ಬರೋದು ಬಿಟ್ಟು ಬಹಳ ವರ್ಷವಾಯಿತು. ಅವರ ಜೊತೆ ನಮ್ಮ ನೆನಪೂ ಹೋಯಿತು. ವಂಶ ಹುಡುಕಲು ಹೋದವನಿಗೆ ಮೊದಲು ಸಿಕ್ಕಿದ್ದು ವಂಶದ ತಪ್ಪು.

3

ಬಿ.ಎ.ದಲ್ಲಿ ನಾನು ಇತಿಹಾಸ ಓದಿದೆ. ಅಲ್ಲಿ ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಬರುತ್ತದೆ. 1824ರಲ್ಲಿ ಕಿತ್ತೂರಿನವರ ಕೈಗೆ ಸೆರೆ ಸಿಕ್ಕವನು. ಆಮೇಲೆ ಧಾರವಾಡದ ಕಡೆ ಇದ್ದು ಊರೂರಿನ ಕಲ್ಲುಬರಹಗಳನ್ನು ನಕಲು ಮಾಡಿಸಿ, ಆರುನೂರರಷ್ಟು ಕನ್ನಡ ಶಾಸನ ಕೂಡಿಹಾಕಿದ. ಕನ್ನಡದ ರಾಜರ ವಂಶಾವಳಿ ಕಟ್ಟಿದವರಿಗೆಲ್ಲ ಅವನ ಈ ಕೆಲಸ ಬುನಾದಿಯಾಯಿತು. ಆತನ ಮನೆತನದ ಊರು ಸ್ಕಾಟ್ಲೆಂಡಿನ ದಕ್ಷಿಣದ ಗಡಿಯಲ್ಲಿ, ರಾಕ್ಸ್‌ಬರೋ ಸೀಮೆಯ ವುಲ್ಫ್‌ಲೀ. 1887ರಲ್ಲಿ ಅಲ್ಲೇ ತೀರಿಕೊಂಡ.

ನಮ್ಮ ನಾಡಿನ ಹಿರಿಯರನ್ನು ಹುಡುಕಿದ ಆ ಮನುಷ್ಯನ ಸೀಮೆಯಲ್ಲಿ ಬಡವನೊಬ್ಬ ತನ್ನ ಹಿರಿಯರನ್ನು ಹುಡುಕಿದರೆ ಏನಾಗುತ್ತದೆ ಎಂದು ನನಗೆ ಕುತೂಹಲ ಹುಟ್ಟಿತು. ಓದಿ ನೋಡಿದೆ. ಅಲ್ಲಿ ಪ್ಯಾರಿಷ್ ಅಂತ ಇದೆ. ಒಂದು ಚರ್ಚು, ಅದಕ್ಕೆ ಸೇರಿದ ಸುತ್ತಲ ಹಳ್ಳಿಗಳು. ಹುಟ್ಟಿದ ಮಗುವಿಗೆ ಹೆಸರಿಟ್ಟರೆ, ಮದುವೆಯಾದರೆ, ಮಣ್ಣು ಮಾಡಿದರೆ ಚರ್ಚಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಸ್ಕಾಟ್ಲೆಂಡಿನಲ್ಲಿ ಉಳಿದಿರುವ ಇಂಥ ಪುಸ್ತಕಗಳಲ್ಲಿ ಎಲ್ಲಕ್ಕೂ ಹಳೆಯದು 1553ರದು. 1855ರಿಂದ ಈ ಕೆಲಸವನ್ನು ಸರಕಾರವೇ ವಹಿಸಿಕೊಂಡು ಎಲ್ಲರಿಗೂ ಕಡ್ಡಾಯ ಮಾಡಿತು. ಹೊಲ ಉಳುವ ಆಳು, ಕುರಿ ಕಾಯುವವನು, ನೇಕಾರ, ಇವರ ಮರಿಮಕ್ಕಳು ಇವತ್ತು ಆ ಪುಸ್ತಕ ತೆಗೆಸಿ ನೋಡಿ ಇನ್ನೂರು ಮುನ್ನೂರು ವರ್ಷ ಹಿಂದಿನ ಮುತ್ತಜ್ಜನ ಹೆಸರು ಹುಡುಕಬಹುದು.

ಅದನ್ನು ಸ್ವರ್ಗ ಮಾಡುವುದು ಬೇಡ. 1783ರಲ್ಲಿ ಅಲ್ಲಿಯ ಸರಕಾರ ಪುಸ್ತಕದಲ್ಲಿ ಬರೆಸುವ ಒಂದೊಂದು ಹೆಸರಿಗೂ ಮೂರು ಪೆನ್ನಿ ತೆರಿಗೆ ಹಾಕಿತು. 1794ರಲ್ಲಿ ತೆಗೆಯುವ ತನಕ ಎಷ್ಟೋ ಮಂದಿ ಮಕ್ಕಳ ಹೆಸರು ಬರೆಸುವುದನ್ನೇ ಬಿಟ್ಟರು. ಅಲ್ಲೂ ಹೆಸರಿಗೂ ರೊಕ್ಕಕ್ಕೂ ನಂಟು ಇತ್ತು. ಇನ್ನೊಂದು ಸಂಗತಿ ಇದಕ್ಕಿಂತ ಕ್ರೂರ. ಮದುವೆಯಾಗದ ಹೆಣ್ಣು ಬಸುರಿಯಾದರೆ ಚರ್ಚಿನ ಹಿರಿಯರು ಆಕೆಯನ್ನು ಕರೆಸಿ, ಗಂಡಸು ಯಾರು ಹೇಳು ಎಂದು ಕೇಳುತ್ತಿದ್ದರು. ಎಲ್ಲರೆದುರು ನಿಲ್ಲಿಸಿ ತಪ್ಪು ಒಪ್ಪಿಸುತ್ತಿದ್ದರು. ಆಕೆಯ ಹೆಸರಿನ ಜೊತೆ ಅವನ ಹೆಸರನ್ನೂ ಬರೆದಿಡುತ್ತಿದ್ದರು. ಇದನ್ನು ಓದಿದಾಗ ನನಗೆ ಅದು ಅಷ್ಟಾಗಿ ತಟ್ಟಲಿಲ್ಲ. ಯಾಕೆ ಮತ್ತೆ ನೆನಪಾಯಿತು ಅನ್ನೋದನ್ನು ಮುಂದೆ ಹೇಳುತ್ತೇನೆ.

ಎಲಿಯಟ್ ಕೂಡಿಹಾಕಿದಂಥ ಶಾಸನಗಳಲ್ಲಿ ಏನಿರುತ್ತದೆ? ಮೊದಲು ರಾಜನ ವಂಶ. ನಮ್ಮ ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರು ತಮ್ಮನ್ನು ಯದುವಂಶಕ್ಕೆ ಸೇರಿಸಿಕೊಂಡು ತಾಮ್ರದ ಮೇಲೆ ಕೆತ್ತಿಸಿದರು. ಆಮೇಲೆ ದಾನ ಕೊಟ್ಟವನು, ತಗೊಂಡವನು. ಆಮೇಲೆ ಆ ಹೊಲದ ನಾಲ್ಕು ದಿಕ್ಕಿನ ಗಡಿ. ಕೊನೆಗೆ, ಇದನ್ನು ಅಳಿಸಿದವನಿಗೆ ಶಾಪ. ಉತ್ತವನ ಹೆಸರು ಅಪರೂಪ. ಆ ದಾನದ ಹೊಲದಲ್ಲಿ ಸತ್ತ ಎತ್ತನ್ನು ಎಳೆದು ಹಾಕಿದವನ ಹೆಸರು ಯಾವ ಕಲ್ಲಿಗೂ ಬೇಕಾಗಲಿಲ್ಲ.

ನಮ್ಮ ಕೇರಿಯ ಒಬ್ಬರ ಹತ್ತಿರ, ಮನೆಜಾಗದ ಜಗಳದ ಕಾಲಕ್ಕೆ ತೆಗೆಸಿದ ಹಳೆಯ ಖರೀದಿ ಪತ್ರದ ನಕಲು ಇತ್ತು. ಕೇರಿಯ ಮಗ್ಗುಲಿನ ಹೊಲದ್ದು. ಉರ್ದು. ಅದನ್ನು ಕಲಬುರಗಿಗೆ ಒಯ್ದು ಒಬ್ಬ ನಿವೃತ್ತ ಉರ್ದು ಮಾಸ್ತರರ ಮುಂದಿಟ್ಟೆ. ಅವರು ನನ್ನ ಜಾತಿ ಕೇಳಲಿಲ್ಲ. ಚಹಾ ತರಿಸಿದರು, ಕನ್ನಡಕ ಒರೆಸಿಕೊಂಡು ಒಂದೊಂದೇ ಸಾಲು ಓದಿ ಅರ್ಥ ಹೇಳಿದರು. ಮಾರಿದವನು, ಅವನ ಅಪ್ಪ. ಕೊಂಡವನು, ಅವನ ಅಪ್ಪ. ಸಾಕ್ಷಿ ಹಾಕಿದವರು, ಅವರ ಅಪ್ಪಂದಿರು. ಆಮೇಲೆ ಚಕ್ಕಬಂದಿ. ಮೂಡಲಿಗೆ ಇಂಥವರ ಹೊಲ, ಬಡಗಲಿಗೆ ಹಳ್ಳ, ತೆಂಕಲಿಗೆ ದಾರಿ. ಪಡುವಲಿಗೆ ಮಾದಿಗರ ಕೇರಿ.

ಮಾಸ್ತರರು ಅಲ್ಲಿ ಬೆರಳಿಟ್ಟು ಸುಮ್ಮನೆ ಕೂತರು. ಆ ಕಾಗದದ ತುಂಬ ಹೆಸರುಗಳಿದ್ದವು. ಹಳ್ಳಕ್ಕೂ ಒಂದು ಹೆಸರಿತ್ತು. ನಾವು ಮಾತ್ರ ಒಬ್ಬರ ಹೊಲ ಎಲ್ಲಿಗೆ ಮುಗಿಯುತ್ತದೆ ಅಂತ ತೋರಿಸುವ ಗುರುತಾಗಿದ್ದೆವು. ನನ್ನ ಮುತ್ಯಾನ ಅಪ್ಪ ಆ ಸಾಲಿನೊಳಗೆ ಎಲ್ಲೋ ಇದ್ದ.

4

ಹೀಗೆ ಬರಿಗೈಯಲ್ಲಿ ಬಂದವನಿಗೆ ನಮ್ಮ ಚಳವಳಿಯಲ್ಲೇ ಎರಡು ಉತ್ತರ ಸಿಗುತ್ತವೆ.

ಮೊದಲನೆಯದು, ನಾವು ಈ ನೆಲದ ಮೂಲದವರು, ಕಳೆದುಕೊಂಡದ್ದನ್ನು ಮರಳಿ ಪಡೆಯಬೇಕು ಅನ್ನೋದು. ಇದೇ ಗುಲಬರ್ಗಾದಲ್ಲಿ 1968ರಲ್ಲಿ ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರ್ ನಮ್ಮನ್ನು ಮೂಲಭಾರತೀಯರು ಎಂದು ಕರೆದರು. ಬಾಬಾಸಾಹೇಬರು 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಮೂಲದ ಪುಸ್ತಕದಲ್ಲಿ, ನಮ್ಮ ಹಿರಿಯರು ಸೋತು ಚದುರಿದ ಬುಡಕಟ್ಟಿನವರು, ಬೌದ್ಧರಾಗಿದ್ದವರು, ಅದಕ್ಕಾಗಿಯೇ ಊರ ಹೊರಗೆ ತಳ್ಳಿಸಿಕೊಂಡರು ಎಂದು ವಾದಿಸಿದರು. ದಾಖಲೆಯ ಕೊಂಡಿ ಕಳಚಿದ ಕಡೆ ಊಹೆಯ ಸಹಾಯ ಪಡೆಯುವ ಹಕ್ಕು ಸಂಶೋಧಕನಿಗೆ ಇದೆ ಎಂದು ಆ ಪುಸ್ತಕದ ಮುನ್ನುಡಿಯಲ್ಲಿ ಅವರು ಬಚ್ಚಿಡದೆ ಹೇಳಿದ್ದಾರೆ. ನಮ್ಮ ಜಿಲ್ಲೆಯ ಸನ್ನತಿಯ ಹತ್ತಿರ, ಕನಗನಹಳ್ಳಿಯಲ್ಲಿ ನೆಲ ಅಗೆದಾಗ ಅಶೋಕನ ಹೆಸರು ಕೆತ್ತಿದ ಅವನದೇ ಮೂರ್ತಿ ಸಿಕ್ಕಿತು. ಆ ಸ್ತೂಪದ ಕಲ್ಲುಗಳ ಮೇಲೆ ದಾನ ಕೊಟ್ಟ ಮಂದಿಯ ಹೆಸರುಗಳಿವೆ, ಹೆಂಗಸರ ಹೆಸರೂ ಇವೆ. ಅಲ್ಲಿ ನಿಂತಾಗ ನನ್ನ ಎದೆಯೂ ಉಬ್ಬಿದೆ. ಎಲ್ಲವನ್ನೂ ಕಸಿದುಕೊಂಡ ಜನಕ್ಕೆ ಬೆನ್ನು ನೆಟ್ಟಗೆ ಮಾಡಲು ಇಂಥ ಒಂದು ಮಾತು ಬೇಕು. ಅದನ್ನು ನಾನು ಹಗುರ ಮಾಡಲಾರೆ.

ಆದರೆ ಒಂದು ಅಂಜಿಕೆ ಇದೆ. ನಾವು ಅರಸರಾಗಿದ್ದೆವು ಎಂದು ಹೇಳಿಕೊಂಡರೆ ಮಾತ್ರ ನಾವು ಮನುಷ್ಯರು ಎಂದಾದರೆ, ಹಲಗೆ ಬಾರಿಸಿದ ಮುತ್ಯಾ ಏನಾದ? ಅವನನ್ನು ದಾಟಿ ಹೋಗಿ ರಾಜನ ಕೈ ಹಿಡಿದರೆ, ಮುತ್ಯಾನನ್ನು ನಾನೂ ಒಂದು ಸಲ ಅಲ್ಲಗಳೆದಂತೆ. ಬಿಟ್ಟಿ ಮಾಡಿದವನು ಮರ್ಯಾದೆಗೆ ಅರ್ಹ ಅಲ್ಲ ಅನ್ನೋದು ಮೇಲಿನವರ ಮಾತು. ಅದನ್ನೇ ನಾವು ಬೇರೆ ರಾಗದಲ್ಲಿ ಹಾಡಬಾರದು.

ಎರಡನೆಯ ಉತ್ತರ, ವಂಶವನ್ನೇ ಬಿಸಾಕು ಅನ್ನೋದು. ಇದಕ್ಕೂ ನಮ್ಮ ಮಗ್ಗುಲಲ್ಲೇ ಸಾಕ್ಷಿ ಇದೆ. ಕಮಲಾಪುರದಿಂದ ಹುಮನಾಬಾದ್ ದಾಟಿದರೆ ಬಸವಕಲ್ಯಾಣ. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಬಸವಣ್ಣ, ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಮಾದಾರ ಚೆನ್ನಯ್ಯನನ್ನು ತನ್ನ ಅಪ್ಪ ಎಂದು ಕರೆದ. ಹುಟ್ಟಿದ ವಂಶ ಕಳಚಿಟ್ಟು ಬೇಕಾದ ವಂಶ ಆರಿಸಿಕೊಂಡ. ಇದಕ್ಕಿಂತ ದೊಡ್ಡ ಬಂಡಾಯ ಕನ್ನಡದಲ್ಲಿ ನಡೆದದ್ದು ಕಡಿಮೆ. ಆದರೂ ನನ್ನದೊಂದು ಪ್ರಶ್ನೆ ಉಳಿಯುತ್ತದೆ. ಬಸವಣ್ಣನ ಹತ್ತಿರ ಬಿಸಾಕಲಿಕ್ಕೆ ಒಂದು ವಂಶ ಇತ್ತು. ಉಟ್ಟವನು ಬಟ್ಟೆ ಕಳಚಿದರೆ ಅದು ವೈರಾಗ್ಯ. ಮೊದಲೇ ಬಟ್ಟೆ ಇಲ್ಲದವನಿಗೆ, ನೋಡು ಎಂಥ ವೈರಾಗ್ಯ ಎಂದರೆ ಅದು ಗೇಲಿ. ನಮ್ಮ ಹೆಸರುಗಳನ್ನು ನಾವು ಬಿಸಾಕಿದ್ದಲ್ಲ. ಬರೆಯದೆ ಬಿಟ್ಟವರು ಬೇರೆಯವರು. ಅವರು ಬಿಟ್ಟದ್ದನ್ನೇ ನಮ್ಮ ತತ್ವ ಎಂದು ಒಪ್ಪಿಕೊಂಡರೆ ಅವರ ಕೆಲಸ ನಾವೇ ಪೂರ್ತಿ ಮಾಡಿಕೊಟ್ಟಂತೆ.

ಇನ್ನು ಸರಕಾರವಂತೂ ವಂಶ ಬಿಡಲು ಬಿಡುವುದಿಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಪರಿಶಿಷ್ಟ ಜಾತಿಗಳ ಒಳಗೆ ಒಳಮೀಸಲಾತಿ ಕೊಡಬಹುದು ಎಂದಿತು. 2025ರ ಮೇ ತಿಂಗಳಿಂದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆಯವರು ಮನೆಮನೆಗೆ ಬಂದು ಮೂಲಜಾತಿ ಕೇಳಿದರು. ನಾವು ಬರೆಸಿದೆವು, ಬರೆಸಲೇಬೇಕಿತ್ತು. ಪಾಲು ಕೇಳಬೇಕಾದರೆ ಯಾರ ಪಾಲು ಎಂದು ಹೇಳಬೇಕು. ಖೂಬಾ ಪ್ಲಾಟಿನ ಯಜಮಾನರೂ ಅದನ್ನೇ ಕೇಳಿದ್ದರು, ಸಮೀಕ್ಷೆಯ ಮಾಸ್ತರರೂ ಅದನ್ನೇ ಕೇಳಿದರು. ಒಬ್ಬರು ಬಾಗಿಲು ಮುಚ್ಚಲಿಕ್ಕೆ, ಇನ್ನೊಬ್ಬರು ತೆರೆಯಲಿಕ್ಕೆ. ಆದ್ದರಿಂದ ಮೂಲ ಕೇಳುವ ಪ್ರಶ್ನೆಯೇ ಪಾಪ ಅಲ್ಲ. ಯಾರು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಅನ್ನೋದು ಮುಖ್ಯ. ನಾನೇ ನನ್ನನ್ನು ಕೇಳಿಕೊಂಡರೆ ಯಾಕಾಗಿ? ಇದಕ್ಕೆ ಪುಸ್ತಕದಲ್ಲಿ ಉತ್ತರ ಸಿಗಲಿಲ್ಲ. ಊರಿಗೆ ಹೋದೆ.

5

ಆಯಿಗೆ ಈಗ ಎಂಬತ್ತು ದಾಟಿದೆ. ಮುತ್ಯಾ ಸತ್ತು ಬಹಳ ವರ್ಷ. ಅಂಗಳದಲ್ಲಿ ತೊಗರಿ ಹಸನ ಮಾಡುತ್ತ ಕೂತಿದ್ದಳು. "ಆಯಿ, ಮುತ್ಯಾನ ಅಪ್ಪನ ಹೆಸರು ಏನು?" ಎಂದೆ.

"ಸತ್ತೋರ ಹೆಸರು ತೊಗೊಂಡು ಏನ್ ಮಾಡ್ತಿ ತಮ್ಮಾ? ಹೊಟ್ಟಿ ತುಂಬ್ತದೇನು?" ಎಂದಳು. ಬಿಡಲಿಲ್ಲ. ಒಂದು ದಿನ ಅಲ್ಲ, ಮೂರು ಸಲ ಊರಿಗೆ ಹೋದೆ. ಮೂರನೆಯ ಸಲ, ದೀಪ ಹಚ್ಚುವ ಹೊತ್ತಿಗೆ, ತಾನಾಗಿಯೇ ಹೇಳಿದಳು.

"ನಮ್ಮತ್ತಿಗಿ ಮುತ್ತು ಕಟ್ಟಿದ್ರು. ಸಣ್ಣಾಕಿ ಇದ್ದಾಗೇ ದೇವರಿಗಿ ಬಿಟ್ಟಿದ್ರು. ನಿಮ್ಮ ಮುತ್ಯಾಗ ಅಪ್ಪ ಅಂತ ಯಾರೂ ಇದ್ದಿಲ್ಲ."

"ಯಾರು ಅಂತ ಗೊತ್ತಿರಲಿಲ್ಲೇನು?"

"ಊರಿಗೆಲ್ಲ ಗೊತ್ತಿತ್ತು. ಯಾರೂ ಅಂದಿಲ್ಲ." ಆಮೇಲೆ ಕೈಯಿಂದ ಊರಿನ ನಡುವಿನ ಕಡೆ, ವಾಡೆಯ ಕಡೆ, ಸುಮ್ಮನೆ ತೋರಿಸಿದಳು.

ನಾನು ಹುಡುಕಿದ್ದು ಮುತ್ಯಾನ ಅಪ್ಪನನ್ನು. ಸಿಕ್ಕಿದ್ದು ಮುತ್ಯಾನ ಅವ್ವ. ಕರ್ನಾಟಕದಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯಿದೆ ಮಾಡಿದ್ದು 1982ರಲ್ಲಿ. ಅಷ್ಟೊತ್ತಿಗೆ ಆಕೆ ಮಣ್ಣಾಗಿ ಹೋಗಿದ್ದಳು. ಮಾದಿಗರ ಹುಡುಗಿಯನ್ನು ಮುಟ್ಟಬಾರದು ಎಂದ ಊರೇ ಆಕೆಯನ್ನು ದೇವರ ಹೆಸರಿನಲ್ಲಿ ಮುಟ್ಟಿತು. ಹೆಳವನ ಪುಸ್ತಕದಲ್ಲಿ ವಾಡೆಯ ವಂಶ ನೆಟ್ಟಗೆ ಇದೆ, ಅದರಲ್ಲಿ ನನ್ನ ಮುತ್ಯಾ ಇಲ್ಲ. ಆಗ ನನಗೆ ಸ್ಕಾಟ್ಲೆಂಡಿನ ಆ ಚರ್ಚು ನೆನಪಾಯಿತು. ಅಲ್ಲಿ ಹೆಣ್ಣಿನ ಮಾನ ತೆಗೆದರು, ಆದರೆ ಗಂಡಸಿನ ಹೆಸರನ್ನೂ ಕೇಳಿದರು. ಇಲ್ಲಿ ಗಂಡಸನ್ನು ಯಾರೂ ಏನೂ ಕೇಳಲಿಲ್ಲ. ಅಲ್ಲಿ ಬರೆದು ಅನ್ಯಾಯ ಮಾಡಿದರು. ಇಲ್ಲಿ ಬರೆಯದೆ ಮಾಡಿದರು.

ಸಂಘದ ಗೆಳೆಯರ ಮುಂದೆ ಇದನ್ನು ಹೇಳಿದೆ. ಒಬ್ಬ ಗೆಳೆಯ ಸಿಟ್ಟಿನಿಂದ, "ಅವನ ಹೆಸರು ಬರಿ. ಬಂಡಾಯ ಅಂದರೆ ಹೆಸರು ಹಿಡಿದು ಹೇಳೋದು" ಎಂದ. ಇನ್ನೊಬ್ಬ, "ಬರೆದರೆ ಕೇರಿಯ ಹೆಣ್ಣುಮಕ್ಕಳ ಮೇಲೆ ಮಾತು ಬರುತ್ತದೆ, ಬಿಟ್ಟುಬಿಡು" ಎಂದ. ಮೂರನೆಯವನು ತಮಾಷೆಗೆ, "ಹಾಗಾದರೆ ನೀನೂ ಗೌಡನೇ" ಎಂದ. ಆ ತಮಾಷೆ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಯಾಕೆಂದರೆ ಅರೆಗಳಿಗೆ, ಬರೀ ಅರೆಗಳಿಗೆ, ನನ್ನೊಳಗೆ ಯಾವುದೋ ಒಂದು ಹಾಳು ಹೆಮ್ಮೆ ತಲೆ ಎತ್ತಿತ್ತು. ಜಾತಿ ನಮ್ಮ ಹೊರಗಷ್ಟೇ ಇಲ್ಲ ಗೆಳೆಯರೇ. ಅದನ್ನು ಒಪ್ಪಿಕೊಳ್ಳದೆ ಈ ಲೇಖನ ಬರೆದರೆ ನಾನು ಸುಳ್ಳುಗಾರ.

ಬಹಳ ದಿನ ಯೋಚಿಸಿದೆ. ಹೆಸರು ಬರೆದರೆ ಏನಾಗುತ್ತದೆ? ಅವನ ಅಪರಾಧ ಬಯಲಾಗುತ್ತದೆ ನಿಜ. ಆದರೆ ವಂಶವೃಕ್ಷದ ಬುಡದಲ್ಲಿ ಅವನು ಕೂಡುತ್ತಾನೆ. ಒಂದು ದಿನವೂ ಮಗ ಎಂದು ಕರೆಯದವನಿಗೆ ಬಿ.ಎ. ಓದಿದ ಮರಿಮಗ ಸಿಗುತ್ತಾನೆ. ರಕ್ತವೇ ನಂಟು ಅಂತಾದರೆ ಅವನು ನನ್ನ ಹಿರಿಯ. ಆದರೆ ರಕ್ತವೇ ನಂಟು ಅನ್ನೋದು ಜಾತಿಯ ಮಾತು. ಅದರ ವಿರುದ್ಧವೇ ಅಲ್ಲವೇ ನಮ್ಮ ಜಗಳ? ಹಿರಿಯರು ಅಂದರೆ ನಮ್ಮನ್ನು ಬದುಕಿಸಿದವರು. ಯಾರ ದುಡಿಮೆಯಿಂದ ಮುತ್ಯಾನ ಹೊಟ್ಟೆ ತುಂಬಿತೋ, ಅಪ್ಪ ಹುಟ್ಟಿದನೋ, ನಾನು ಪೆನ್ನು ಹಿಡಿದೆನೋ ಅವರು. ಆ ಸಾಲಿನಲ್ಲಿ ಅವನಿಲ್ಲ. ಆದ್ದರಿಂದ ಆ ಜಾಗ ಖಾಲಿ ಬಿಡುತ್ತೇನೆ. ನಾಚಿಕೆಯಿಂದ ಅಲ್ಲ. ಇಷ್ಟು ದಿನ ಆ ಖಾಲಿ ಜಾಗ ನಮ್ಮ ಮನೆಯ ಕಳಂಕ ಅನ್ನಿಸಿಕೊಂಡಿತ್ತು. ಅದು ನಮ್ಮದಲ್ಲ, ವಾಡೆಯದು. ಅದನ್ನು ತುಂಬುವ ಹೊಣೆಯೂ ಅವರದೇ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ಆಕೆಯ ಕತೆ ಬರೆಯುವ ಹಕ್ಕು ನನಗಿದೆಯೇ? ಸತ್ತವರು ಬೇಡ ಎನ್ನಲಾರರು. ಆಕೆಯ ಮೈಯನ್ನು ಆಕೆಯನ್ನು ಕೇಳದೆ ಊರು ಬಳಸಿತು. ಆಕೆಯ ನೋವನ್ನು ಆಕೆಯನ್ನು ಕೇಳದೆ ನಾನು ಕವಿತೆಗೆ ಬಳಸಿದರೆ ನನಗೂ ಊರಿಗೂ ಏನು ಫರಕು? ನಮ್ಮ ಪತ್ರಿಕೆಗಳಲ್ಲಿ ಅವ್ವಂದಿರ ನೋವು ಬೇಕಾದಷ್ಟು ಅಚ್ಚಾಗಿದೆ. ಅವ್ವಂದಿರನ್ನು ಕೇಳಿ ಅಚ್ಚಾದದ್ದು ಎಷ್ಟು? ಆಕೆ ಇಲ್ಲ. ಆಕೆಯ ಜೊತೆ ಒಂದೇ ಒಲೆಯ ಮುಂದೆ ಕೂತ ಆಯಿ ಇದ್ದಾಳೆ. ಬರೆದದ್ದನ್ನೆಲ್ಲ ಆಯಿಗೆ ಓದಿ ಹೇಳಿದೆ. ಅವಳು ತೆಗೆ ಎಂದದ್ದನ್ನು ತೆಗೆದಿದ್ದೇನೆ. ನೀವು ಓದುತ್ತಿರುವುದು ಅವಳು ಬಿಟ್ಟುಕೊಟ್ಟಷ್ಟು ಮಾತ್ರ. ಆಕೆಯ ಹೆಸರನ್ನೂ ಇಲ್ಲಿ ಅಚ್ಚು ಹಾಕುತ್ತಿಲ್ಲ. ಹೆಸರು ಮನೆಯಲ್ಲಿರಲಿ ಎಂದಳು ಆಯಿ.

6

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಹಿರಿಯರನ್ನು ಹುಡುಕುವುದು ಬಿಡುಗಡೆಯೋ ಬಲೆಯೋ? ದೊಡ್ಡವರ ಮಗ ಅನ್ನಿಸಿಕೊಳ್ಳಲು ಹುಡುಕಿದರೆ ಬಲೆ. ಯಾರ ಋಣದಲ್ಲಿ ಇದ್ದೇನೆ ಎಂದು ತಿಳಿಯಲು ಹುಡುಕಿದರೆ ಅದು ಬಿಡುಗಡೆಯ ಮೊದಲ ಹೆಜ್ಜೆ. ಋಣ ಗೊತ್ತಾದವನು ಡಕ್ಕಲಿಗರ ಗುಡಾರದ ಮುಂದೆಯೂ ತಲೆ ಬಾಗಿಸಬೇಕಾಗುತ್ತದೆ, ಖೂಬಾ ಪ್ಲಾಟಿನ ಪಡಸಾಲೆಯಲ್ಲಿ ತಲೆ ಎತ್ತಬೇಕಾಗುತ್ತದೆ. ಎರಡೂ ಒಟ್ಟಿಗೇ.

ಹಳ್ಳಿಯ ಶಾಲೆಗಳಲ್ಲಿ ಕೆಲಸ ಮಾಡುವ ಮಾಸ್ತರರೇ, ಅಕ್ಕೋರೇ, ನಿಮ್ಮ ಕೈಯಲ್ಲಿ ಒಂದು ಪುಸ್ತಕ ಇದೆ. ಕೇರಿಯ ಮಗುವಿನ ಹೆಸರನ್ನು ನೀವು ಬರೆದಂತೆಯೇ ಅದು ಸಾಯುವ ತನಕ ನಡೆಯುತ್ತದೆ. ಹೆಸರನ್ನು ಮೊಟಕು ಮಾಡದೆ ಬರೆಯಿರಿ. ಅವ್ವನ ಹೆಸರು ಕೇಳಿ ಬರೆಯಿರಿ. ಅಪ್ಪನ ಹೆಸರು ಹೇಳಲು ಒಂದು ಮಗು ತಡವರಿಸಿದರೆ ಎಲ್ಲರೆದುರು ಎರಡನೆಯ ಸಲ ಕೇಳಬೇಡಿ. ವಿದ್ಯಾರ್ಥಿ ಗೆಳೆಯರೇ, ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕು ಒಯ್ಯಿರಿ. ಅಪ್ಪ, ಅಪ್ಪನ ಅಪ್ಪ ಎಂದು ಗೆರೆ ಎಳೆದುಕೊಂಡು ಮೇಲಕ್ಕೆ ಹೋಗಬೇಡಿ, ಬೇಗನೆ ಗೋಡೆ ಸಿಗುತ್ತದೆ. ಕೇರಿಯನ್ನು ಅಡ್ಡಡ್ಡ ಬರೆಯಿರಿ. ಯಾರು ಯಾರಿಗೆ ಹಾಲು ಕೊಟ್ಟರು, ಬರಗಾಲದಲ್ಲಿ ಯಾರ ಮನೆಯ ಗಂಜಿ ಯಾರು ಕುಡಿದರು, ಯಾರು ಯಾರ ಹೆಣಕ್ಕೆ ಹೆಗಲು ಕೊಟ್ಟರು. ಮುದುಕಿಯರು ಇದ್ದಾಗಲೇ ಬರೆಯಿರಿ. ಅವರನ್ನು ಕೇಳಿ ಬರೆಯಿರಿ.

ನಮ್ಮ ಮನೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆಕೆಯ ಹೆಸರು ಬರೆದೆ. ಕೊನೆಗೆ 'ವ್ವ' ಸೇರಿಸಿ, ಪೂರ್ತಿ. ಅದರ ಕೆಳಗೆ ಏನು ಬರೆಯಲಿ ಎಂದು ಆಯಿಯನ್ನು ಕೇಳಿದೆ. ಆಯಿ ತೊಗರಿಯ ಮರ ಕೆಳಗಿಟ್ಟಳು.

"ಆಕಿಗಿ ಏನು ಮಾಡಿದ್ರು ಅಂತ ಬರಿಬ್ಯಾಡ. ಆಕಿ ಏನು ಮಾಡ್ಯಾಳ ಅದು ಬರಿ. ಜ್ವಾಳ ಕೊಯ್ದಾಳ, ತೊಗರಿ ಬಡದಾಳ. ಬರಗಾಲದಾಗ ಕಲ್ಲು ಹೊತ್ತಾಳ. ನನಗ ಮೊದಲ್ನೇ ಹೆರಿಗಿ ಆದಾಗ ಮೂರು ರಾತ್ರಿ ಕುಂತಾಳ, ಕಣ್ಣು ಮುಚ್ಚಿಲ್ಲ. ನಿಮ್ಮಪ್ಪಗ ಸಾಲಿಗಿ ಕೈ ಹಿಡಿದು ಕರಕೊಂಡು ಹೋದಾಕಿನೂ ಆಕೀನೇ. ಬರಿ ಅದು."

ಬರೆದುಕೊಂಡೆ.